ಡ್ರೀಮಿಂಗ್ ಮಷೀನ್ ಇನ್ನು ಬರುತ್ತಾ?

ಜಪಾನಿನ ಅನಿಮೇಷನ್ ನಿರ್ದೇಶಕ ಸತೋಶಿ ಕೋನ್ ಅರ್ಧಕ್ಕೆ ಬಿಟ್ಟುಹೋದ ಸಿನಿಮಾ 'ಡ್ರೀಮಿಂಗ್ ಮಷೀನ್' ಯಾವಾಗ ಬರುತ್ತೆ, ಅವರದೇ 'ಪ್ಯಾಪ್ರಿಕಾ' ಆದಮೇಲೆ ಏನು ನೋಡಲಿ ಅಂತ ಕೇಳಿದ್ದೀರಿ. ನನಗಂತೂ ಅದು ಬರುವ ನಂಬಿಕೆ ಇಲ್ಲ. 2010ರ ಆಗಸ್ಟ್‌ನಲ್ಲಿ ಕೋನ್ ಕ್ಯಾನ್ಸರ್‌ನಿಂದ ತೀರಿಕೊಂಡರು, ಆಗ ಬರೀ 46 ವರ್ಷ. ಸುಮಾರು 1500 ಶಾಟ್‌ಗಳಲ್ಲಿ 600ರಷ್ಟು ಮುಗಿದಿತ್ತು. ದುಡ್ಡಿನ ತಾಪತ್ರಯವೂ ಇತ್ತು ಅನ್ನಿ, ಆದರೆ ನಿರ್ಮಾಪಕ ಮಸಾವೊ ಮರುಯಾಮಾ ಆಮೇಲೆ ಹೇಳಿದ್ದು ಬೇರೆಯೇ: ಇನ್ನೊಬ್ಬರು ಮುಗಿಸಿದರೆ ಅದು ಅವರ ಸಿನಿಮಾ ಆಗುತ್ತೆ, ಕೋನ್‌ದಲ್ಲ. ಸರಿಯೇ ಅಲ್ವಾ?

ಸುಮ್ನೆ ಕಾಯಬೇಡಿ, ಕೋನ್ ಅವರದೇ 'ಮಿಲೇನಿಯಮ್ ಆಕ್ಟ್ರೆಸ್' ನೋಡಿ. ಮುದುಕಿ ನಟಿ ತನ್ನ ಕಥೆ ಹೇಳುತ್ತಾ ಹೋದ ಹಾಗೆ ಸಂದರ್ಶನಕ್ಕೆ ಬಂದವರೂ ಆ ನೆನಪಿನೊಳಗೇ ಓಡುತ್ತಿರುತ್ತಾರೆ, ಪಾಪ ಆ ಕ್ಯಾಮೆರಾದವನಿಗೆ ತಾನು ಎಲ್ಲಿದ್ದೀನಿ ಅನ್ನೋದೇ ಗೊತ್ತಾಗಲ್ಲ. ಕೋನ್ ಅವರ ಥ್ರಿಲ್ಲರ್ 'ಪರ್ಫೆಕ್ಟ್ ಬ್ಲೂ' ರಾತ್ರಿ ಒಬ್ಬರೇ ನೋಡಬೇಡಿ.