ಯಾವ ಅಂಗಡಿ ಅಕ್ಕಿ?

ನನ್ನ ಹತ್ತಿರ ಸಲಹೆಗೆ ಬಂದ ಹುಡುಗಿಯನ್ನು ಸಿಂಚನಾ ಅಂತ ಕರೆಯೋಣ. ಹೆಸರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. 15 ವರ್ಷ, ಹತ್ತನೇ ಕ್ಲಾಸು. ಮುಟ್ಟು ಏರುಪೇರು, ಕತ್ತಿನ ಹಿಂದೆ ಕಪ್ಪು. ಡಾಕ್ಟರು ತೂಕ ಇಳಿಸಬೇಕು ಅಂದಿದ್ದರು. ಮೂರು ತಿಂಗಳಾದರೂ ತೂಕ ಇಳಿಯಲಿಲ್ಲ, ಹುಡುಗಿಯ ಮಾತು ಮಾತ್ರ ಕಡಿಮೆಯಾಯಿತು.

ಕೂತವಳೇ ಸ್ಕೂಲ್ ಬ್ಯಾಗನ್ನು ಹೊಟ್ಟೆಗೆ ಅವುಚಿಕೊಂಡಳು. "ನಾನು ಸೋಂಬೇರಿ ಮೇಡಂ, ಕಂಟ್ರೋಲೇ ಇಲ್ಲ" ಅಂದಳು. ಬಾಯಿಪಾಠ ಒಪ್ಪಿಸಿದ ಹಾಗಿತ್ತು.

ಒಂದು ಹಾಳೆ ಕೊಟ್ಟೆ. ಎಡಕ್ಕೆ ತನ್ನನ್ನು ತಾನು ಬೈದುಕೊಳ್ಳುವ ಮಾತು, ಬಲಕ್ಕೆ ಅದನ್ನು ಮೊದಲು ಹೇಳಿದ್ದು ಯಾರು ಅಂತ. 'ಡುಮ್ಮಿ': ಟ್ಯೂಷನ್ ಹುಡುಗರು. 'ಸೋಂಬೇರಿ': ಪಿ.ಟಿ. ಮೇಷ್ಟ್ರು. 'ಯಾವ ಅಂಗಡಿ ಅಕ್ಕಿ ತಿಂತೀಯೇ?': ಮದುವೆಮನೆಯಲ್ಲಿ ಅತ್ತೆ. 'ಕನ್ನಡಿ ನೋಡ್ಕೋ' ಹತ್ತಿರ ಪೆನ್ ನಿಂತಿತು. ಆಮೇಲೆ ಸಣ್ಣಕ್ಷರದಲ್ಲಿ 'ಅಮ್ಮ' ಅಂತ ಬರೆದಳು. ಬೇರೆಯವರ ಹೀಯಾಳಿಕೆ ಹೀಗೆ ಒಳಗಿಳಿದು ಕೂತಿದೆಯಾ ಅಂತ ಅಳೆಯೋಕೆ 11 ವಾಕ್ಯಗಳ ಪಟ್ಟಿಯೊಂದಿದೆ, 2008ರದ್ದು. ನಾನು ಅದನ್ನು ತೆಗೆಯಲೇ ಇಲ್ಲ. ಈ ಹಾಳೆ ಸಾಕಿತ್ತು.

ಬೆಳಗ್ಗೆ ತಿಂಡಿ ಬಿಡುತ್ತಿದ್ದಳು. ಸಂಜೆ ಅಮ್ಮ ಬರುವ ಮೊದಲು ಚಕ್ಕುಲಿ ಡಬ್ಬಿ. ಮುಚ್ಚಳ ಸದ್ದಾಗಬಾರದೆಂದು ಸುತ್ತ ಟವೆಲ್ ಹಿಡಿದು ತೆಗೆಯುತ್ತಿದ್ದಳಂತೆ. ಆಮೇಲೆ ಅಳು, ಮರುದಿನ ಮತ್ತೆ ಉಪವಾಸ. ವಾಂತಿ ಮಾಡಿಕೊಳ್ತೀಯಾ, ಕೈ ಕುಯ್ದುಕೊಳ್ಳಬೇಕು ಅನಿಸುತ್ತಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದಳು. ಹೌದು ಅಂದಿದ್ದರೆ ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

"ನಾಚಿಕೆಯಾದ್ರಾದ್ರೂ ತಿನ್ನೋದು ಬಿಡ್ತಾಳೆ ಅಂತ ಹೇಳ್ದೆ" ಅಂದರು ತಾಯಿ. ಬಿಡಲ್ಲ. ಕದ್ದು ತಿಂತಾಳೆ, ಯಾರಾದರೂ ನೋಡ್ತಾರೆ ಅಂತ ಗ್ರೌಂಡಿಗೆ ಹೋಗೋದನ್ನ ಬಿಡ್ತಾಳೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಡ 2017ರಲ್ಲಿ ಇದನ್ನೇ ಹೇಳಿದೆ: ಅವಮಾನದಿಂದ ತೂಕ ಇಳಿಯಲ್ಲ, ಮಿತಿಮೀರಿ ತಿನ್ನೋದು ಜಾಸ್ತಿಯಾಗುತ್ತೆ.

ಹಾಗಂತ ತೂಕದ ಯೋಚನೆ ಬಿಟ್ಟುಬಿಡಿ ಅಂತಲೂ ನಾನು ಹೇಳಲಿಲ್ಲ. ಕತ್ತಿನ ಆ ಕಪ್ಪನ್ನು ಕೊಳೆ ಅಂದುಕೊಂಡು ತಾಯಿ ನಿಂಬೆಹಣ್ಣು ಹಾಕಿ ಉಜ್ಜುತ್ತಿದ್ದರು, ಚರ್ಮ ಕೆಂಪಾಗಿತ್ತು. ಅದು ಕೊಳೆಯಲ್ಲ, ಒಳಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋದರ ಗುರುತಿರಬಹುದು. ಡಾಕ್ಟರು ಹೇಳಿದ ರಕ್ತಪರೀಕ್ಷೆ ತಪ್ಪಿಸಬೇಡಿ, ಉಜ್ಜೋದು ಮಾತ್ರ ನಿಲ್ಲಿಸಿ ಅಂದೆ.

ಫ್ರಿಜ್ ಮೇಲಿನ ತೂಕದ ಚಾರ್ಟ್ ತೆಗೆಸಿದೆ. ತಕ್ಕಡಿ ಅಟ್ಟಕ್ಕೆ, ತೂಕ ನೋಡೋದು ಡಾಕ್ಟರ ಹತ್ತಿರ ಮಾತ್ರ. ಇವಳೊಬ್ಬಳಿಗೆ ಒಣ ಚಪಾತಿ, ಸಣ್ಣಗಿರುವ ತಮ್ಮನಿಗೆ ಚಿಪ್ಸ್ ಅನ್ನೋದು ಬಂದ್. ಮುದ್ದೆ, ಸೊಪ್ಪಿನ ಸಾರು ಎಲ್ಲರಿಗೂ ಒಂದೇ. ಬೆಳಗಿನ ತಿಂಡಿ ತಪ್ಪಬಾರದು. ಓಡೋದು ಅವಳಿಗೆ ಬೇಡವಾಗಿತ್ತು, ರೂಮಿನ ಬಾಗಿಲು ಹಾಕಿಕೊಂಡು ಕುಣಿತೀನಿ ಅಂದಳು. ಆಗಲಿ, ಅದೂ ವ್ಯಾಯಾಮವೇ ಅಲ್ವಾ? ಚುಚ್ಚುಮಾತಿಗೆ ಉತ್ತರ ಕೊಡೋದು ಮಗುವಿನ ಕೆಲಸ ಅಲ್ಲ, ನಿಮ್ಮದು ಅಂತ ತಾಯಿಗೆ ಹೇಳಿ ಕಳಿಸಿದೆ.

ಐದನೇ ಭೇಟಿಗೆ ಮೊದಲು ಒಂದು ಗೃಹಪ್ರವೇಶವಿತ್ತು. ಅತ್ತೆ ಅದೇ ಅಕ್ಕಿ ಪ್ರಶ್ನೆ ಎತ್ತಿದರಂತೆ. "ಸೊಸೈಟಿ ಅಕ್ಕಿ ಕಣ್ರೀ. ಇನ್ನೊಂದ್ಸಲ ಕೇಳ್ಬೇಡಿ" ಅಂದರಂತೆ ತಾಯಿ. "ಅಮ್ಮನ ಕೈ ನಡುಗ್ತಿತ್ತು ಮೇಡಂ" ಅಂತ ಸಿಂಚನಾ ನಕ್ಕಳು. ಬ್ಯಾಗು ಇನ್ನೂ ಮಡಿಲಲ್ಲೇ ಇತ್ತು. ತೂಕ ಎಷ್ಟಾಯ್ತು ಅಂತ ನಾನು ಕೇಳಲಿಲ್ಲ.