ಮಳೆ ಚೆನ್ನಾಗಿದೆ ಅಕ್ಕಾ, ಅದಕ್ಕೊಂದು ಕೆಲಸ ಕೊಡಿ

ಅಕ್ಕಾ, ನಮ್ಮ ಬರಹಗಾರರ ಗುಂಪಿನಲ್ಲಿ ನೀವು ಹಾಕಿದ ಕಥೆಯ ಎರಡು ಪುಟ ಓದಿದೆ. ಶಿರಸಿ ಕಡೆಯ ತೋಟದ ಮನೆ, ಜುಲೈ ತಿಂಗಳು, ಅಣ್ಣ ತಮ್ಮ ಪಾಲಿಗೆ ಕೂತಿದ್ದಾರೆ. ವರ್ಣನೆ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಕಥೆ ಮುಂದೆ ಹೋಗ್ತಿಲ್ಲ, ಊರನ್ನೂ ಕಾಲವನ್ನೂ ಕಥೆಗೆ ಬಳಸೋದು ಹೇಗೆ ಅಂತ ಕೇಳಿದ್ದೀರಿ. ಕಾಮೆಂಟು ಬರೆಯೋಕೆ ಕೂತವನು ಉದ್ದಕ್ಕೆ ಬರೆದುಬಿಟ್ಟೆ, ಬಿಡುವಾದಾಗ ಓದಿ.

ನಿಮ್ಮ ಮಳೆ ಎಂಟು ಸಾಲು ಸುರಿಯುತ್ತದೆ. ಆದರೆ ಆ ಮಳೆಯಿಂದ ಯಾರ ಯಾವ ಕೆಲಸವೂ ನಿಲ್ಲುವುದಿಲ್ಲ, ಯಾರಿಗೂ ಅವಸರವಾಗುವುದಿಲ್ಲ. ಅದನ್ನು ತೆಗೆದು ಬಿಸಿಲು ಹಾಕಿದರೂ ಅಣ್ಣ ತಮ್ಮ ಅದೇ ಮಾತು ಆಡುತ್ತಾರೆ. ತೊಂದರೆ ಇರೋದು ಅಲ್ಲೇ. ಈ ಮಳೆ ಯಾವ ಕೆಲಸವನ್ನು ತಡೆಯುತ್ತದೆ, ಯಾವುದನ್ನು ಇವತ್ತೇ ಮಾಡು ಅಂತ ಹಟ ಹಿಡಿಯುತ್ತದೆ, ಇವೆರಡನ್ನು ಕೇಳಿಕೊಳ್ಳಿ. ಉಪಮೆ ಆಮೇಲೆ ಹುಡುಕಬಹುದು.

ನಿಮ್ಮ ಕಥೆಗೇ ಹಚ್ಚಿ ನೋಡೋಣ. ಅಡಿಕೆ ತೋಟದವರಿಗೆ ಮಳೆಗಾಲ ಅಂದರೆ ಕೊಳೆರೋಗದ ಭಯ, ಕಾಯಿ ಕೊಳೆತು ಉದುರುತ್ತದೆ. ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ಅನ್ನೋ ಔಷಧಿ ಹೊಡೆಯಬೇಕು, 40-45 ದಿನ ಬಿಟ್ಟು ಇನ್ನೊಂದು ಸಲ. ಆ ಎರಡನೇ ಔಷಧಿ ಸರಿಯಾಗಿ ನಿಮ್ಮ ಜುಲೈಗೇ ಬರುತ್ತದೆ. ಮಳೆಯಲ್ಲಿ ಹೊಡೆದರೆ ತೊಳೆದು ಹೋಗುತ್ತದೆ, ಮಳೆ ಬಿಟ್ಟು ಹೊಳವಾಗುವುದನ್ನೇ ಕಾಯಬೇಕು. ಹೊಳವಾದ ದಿನ ಊರಿನವರಿಗೆಲ್ಲ ಒಟ್ಟಿಗೇ ಅಡಿಕೆ ಮರ ಹತ್ತುವ ಕೊನೆಗೌಡ ಬೇಕು, ಅಂಥವರು ಇರೋದೇ ನಾಲ್ಕು ಜನ. ಈಗ ಹೇಳಿ, ಪಾಲಿನ ಮಾತು ಅರ್ಧಕ್ಕೆ ನಿಂತಿರುವಾಗ ಬಿಸಿಲು ಬಂತು. ಕೊನೆಗೌಡ ಮೊದಲು ಯಾರ ಭಾಗಕ್ಕೆ ಹೋಗುತ್ತಾನೆ? ತಮ್ಮ ಪೇಟೆಯಲ್ಲಿರುವವನು, ತನ್ನ ಪಾಲಿಗೆ ಬರುವ ಮರಗಳಿಗೆ ಈ ವರ್ಷ ಔಷಧಿ ಬೇಡ ಅಂದರೆ? ಕೊಳೆಗೆ ಬೇಲಿ ಗೊತ್ತಿಲ್ಲ. ಅವನ ಭಾಗದಲ್ಲಿ ಹಿಡಿದದ್ದು ಗಾಳಿ ಮಳೆಗೆ ಅಣ್ಣನ ಭಾಗಕ್ಕೂ ಬರುತ್ತದೆ. ಕಾಗದದ ಮೇಲೆ ಪಾಲಾದ ತೋಟ ರೋಗದ ಲೆಕ್ಕದಲ್ಲಿ ಇನ್ನೂ ಒಂದೇ ತೋಟ. ನಿಮ್ಮ ಜಗಳ ಇಲ್ಲೇ ಇದೆ ಅಕ್ಕಾ, ಉಯಿಲಿನಲ್ಲಿ ಹುಡುಕಬೇಡಿ.

ಔಷಧಿ ಕೂಡಿಸುವುದನ್ನೂ ಒಂದು ಸಲ ಹತ್ತಿರ ನಿಂತು ನೋಡಿ ಬನ್ನಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕೂಡಿಸುತ್ತಾರೆ. ಆಮೇಲೆ ಕತ್ತಿಯ ತುದಿಯನ್ನು ಅದರಲ್ಲಿ ಒಂದು ನಿಮಿಷ ಅದ್ದಿ ಎತ್ತುತ್ತಾರೆ. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಹಾಕಬೇಕು. ಅಣ್ಣ ಕತ್ತಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಾನೆ, ತಮ್ಮ ನೀಲಿ ಕಲೆ ತಾಗೀತು ಅಂತ ಪ್ಯಾಂಟು ಎತ್ತಿಕೊಂಡು ದೂರ ನಿಂತಿದ್ದಾನೆ. ಅವರಿಬ್ಬರ ಬಗ್ಗೆ ನೀವು ಒಂದು ಪುಟದಲ್ಲಿ ಹೇಳಿದ್ದು ಇಷ್ಟರಲ್ಲೇ ಬಂದುಬಿಡುತ್ತದೆ.

ಇನ್ನು ನೀವು ಬರೆದ ಮಣ್ಣಿನ ವಾಸನೆ. ಅದು ಮೊದಲ ಮಳೆಯದ್ದು, ಜುಲೈಯದ್ದಲ್ಲ. ಜುಲೈ ಹೊತ್ತಿಗೆ ಮನೆಯೊಳಗೆ ಒಣಗದ ಬಟ್ಟೆಯ ಮುಗ್ಗಲು ವಾಸನೆ. ಬಚ್ಚಲೊಲೆಯ ಮೇಲೆ ಹರವಿದ ಲುಂಗಿಗೆ ಹೊಗೆ ವಾಸನೆ. ಉಪ್ಪು ನೀರಾಗಿರುತ್ತದೆ, ಬೆಂಕಿಪೆಟ್ಟಿಗೆ ಗೀರಿದರೆ ಹತ್ತುವುದಿಲ್ಲ, ಟ್ರಂಕಿನಲ್ಲಿಟ್ಟ ಹಳೇ ಪಹಣಿ ಒಂದಕ್ಕೊಂದು ಅಂಟಿರುತ್ತದೆ. ಆ ಅಂಟಿದ ಕಾಗದ ಬಿಡಿಸುವ ಕೆಲಸವನ್ನು ಯಾರಿಗೆ ಕೊಡುತ್ತೀರಿ ಅಂತ ಯೋಚಿಸಿ. ನಾನಾದರೆ ಅತ್ತಿಗೆಗೆ ಕೊಡುತ್ತಿದ್ದೆ. ಕರೆಂಟು ಹೋಗಿ ಎರಡು ದಿನವಾಯಿತು, ಟವರಿನ ಬ್ಯಾಟರಿಯೂ ಹೋಯಿತು, ಫೋನಿಲ್ಲ. ಕುಮಟೆ ದಾರಿಯ ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿಯಿತು ಅಂದರೆ ಕುಮಟೆಗೆ ಕೊಟ್ಟ ತಂಗಿ ಸಹಿ ಹಾಕೋಕೆ ಬರುವ ಹಾಗಿಲ್ಲ. ಇದೆಲ್ಲ ನಮಗೆ ಪ್ರತಿ ವರ್ಷದ ಗೋಳು, ಕಥೆಗಾರರಿಗೆ ಪುಕ್ಕಟೆ ಸಿಕ್ಕ ತಿರುವು.

ಅಂದಹಾಗೆ ಆ ತಂಗಿಯನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅವಳ ಊರಿಗೂ ಒಂದು ಕಾಲ ಇದೆ ಅಲ್ವಾ? ಶಿರಸಿ, ಕುಮಟೆ ನಡುವೆ ಬರೀ 60 ಕಿಲೋಮೀಟರ್, ಆದರೆ ಘಟ್ಟದ ಮೇಲಿನ ಹಂಗಾಮೇ ಬೇರೆ, ಕೆಳಗಿನದೇ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಕಾರವಾರದ ಬೈತಖೋಲದಲ್ಲಿ ಆಗ ಬೋಟುಗಳು ಸಾಲಾಗಿ ನಿಂತಿರುತ್ತವೆ, ಬಲೆ ರಿಪೇರಿ ನಡೆಯುತ್ತದೆ. ಕೈಯಲ್ಲಿ ದುಡ್ಡಿಲ್ಲ. ಶಾಲೆ ಶುರುವಾಗುವುದೂ ಅದೇ ಜೂನ್‌ನಲ್ಲಿ. ಬೇಸಿಗೆಯಲ್ಲಿ ಕೂಡಿಟ್ಟ ಒಣಮೀನು ಎಷ್ಟು ದಿನ ಬಂತು ಅನ್ನೋದರ ಮೇಲೇ ಒಂದು ಕಥೆ ಬರೆಯಬಹುದು. ಹವಾಮಾನ ಇಲಾಖೆಯ ಮಳೆಗಾಲಕ್ಕಿಂತ ಸಾಲದ ಮಳೆಗಾಲ ಕಥೆಗೆ ಜಾಸ್ತಿ ಉಪಯೋಗ.

ಗುಂಪಿನ ಎಲ್ಲರಿಗೂ ಒಂದು ಅಭ್ಯಾಸ ಹೇಳ್ತೀನಿ. ಮಾರ್ಚ್ ಕೊನೆಯಲ್ಲಿ ಒಂದು ಅಕಾಲ ಮಳೆ ತನ್ನಿ, ಒಂದೇ ಸಂಜೆ. ಅದನ್ನು ಮೂರು ಮನೆಯಿಂದ ಬರೆಯಿರಿ. ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಅಷ್ಟು ದಿನದ ಬಿಸಿಲಿನ ದುಡಿಮೆ ಕರಗುತ್ತಿದೆ. ಶಿರಸಿ ಕಡೆ ಅಂಗಳದಲ್ಲಿ ಬಿಸಿಲಿಗೆ ಹರವಿದ ಚಾಲಿ ಅಡಿಕೆ ಇದೆ, ಮನೆಮಂದಿಯೆಲ್ಲ ತಾಡಪಾಲು ಹಿಡಿದು ಓಡುತ್ತಿದ್ದಾರೆ. ತೋಟದ ಬಾವಿ ಬತ್ತಿರುವ ಪಕ್ಕದ ಮನೆಯವರು ಮಾತ್ರ ಜಗಲಿಯಲ್ಲಿ ಕೂತು ಇನ್ನೂ ಒಂದು ತಾಸು ಹೊಡೆಯಲಿ ಅಂತಿದ್ದಾರೆ. "ಸುಂದರ ಮಳೆ" ಅಂತಲೋ "ಭೀಕರ ಮಳೆ" ಅಂತಲೋ ಬರೆಯುವ ಚಟ ಇದರಿಂದ ಬಿಟ್ಟುಹೋಗುತ್ತದೆ. ಯಾರಿಗೆ ಸುಂದರ ಅಂತ ಕೇಳಬೇಕಾಗುತ್ತದೆ.

ಕಾಲದ ವಿಷಯದಲ್ಲಿ ತಪ್ಪು ಮಾಡಿದರೆ ನಮ್ಮ ಕಡೆ ಓದುಗರು ಬಿಡುವುದಿಲ್ಲ. ಶ್ರಾವಣದಲ್ಲಿ ಉಪ್ಪಿನಕಾಯಿಯ ಅಪ್ಪೆಮಿಡಿ ಕೊಯ್ಯಿಸಬೇಡಿ, ಮಾವಿನ ಮಿಡಿ ಬೇಸಿಗೆಯದ್ದು. ಕಬ್ಬು ಅರೆದು ಬೆಲ್ಲ ಮಾಡುವ ಆಲೆಮನೆಯನ್ನು ಮಳೆಯಲ್ಲಿ ಹೂಡಬೇಡಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, 2024ರಲ್ಲಿ ಆಗಿತ್ತು. ಅಲ್ಲಿಯ ಬೇಡರ ವೇಷದ ಕುಣಿತ ಹೋಳಿಯ ಹೊತ್ತಿಗೆ, ಜಾತ್ರೆ ಇಲ್ಲದ ವರ್ಷ. ಕಥೆಯಲ್ಲಿ ಇಸವಿ ಹಾಕುವವರು ಎರಡನ್ನೂ ಒಂದೇ ವರ್ಷಕ್ಕೆ ತುರುಕಬೇಡಿ. ಶಾಲ್ಮಲಾ ಹೊಳೆಯ ಬಂಡೆಗಳಲ್ಲಿ ಲಿಂಗ ಕೆತ್ತಿರುವ ಸಹಸ್ರಲಿಂಗದಲ್ಲಿ ಪ್ರೇಮಿಗಳನ್ನು ಕೂರಿಸುವುದಾದರೆ ನೀರು ಇಳಿದ ಮೇಲೆ ಕೂರಿಸಿ. ಮಳೆಗಾಲದಲ್ಲಿ ಆ ಲಿಂಗಗಳು ಹೊಳೆಯ ಅಡಿಯಲ್ಲಿರುತ್ತವೆ, ಕೂತವರೂ ಕೊಚ್ಚಿಹೋಗುತ್ತಾರೆ!

ಕೆಳಗೆ ಒಬ್ಬರು, ಮಳೆಯ ಕಥೆಯನ್ನು ಮಳೆಯಲ್ಲೇ ಕೂತು ಬರೆದರೆ ಚೆನ್ನಾಗಿ ಬರುತ್ತದಾ ಅಂತ ಕೇಳಿದ್ದಾರೆ. ನನ್ನ ಪ್ರಕಾರ ಇಲ್ಲ. ಮಳೆಯಲ್ಲಿ ಸುಮ್ನೆ ಟಿಪ್ಪಣಿ ಮಾಡಿಕೊಳ್ಳಿ, ಕಥೆ ಬೇಸಿಗೆಯಲ್ಲಿ ಬರೆಯಿರಿ. ರವೀಂದ್ರನಾಥ ಟಾಗೋರರು 1883ರಲ್ಲಿ ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿ, ಮರಳಿನ ಮೇಲೆ ನಡೆದು ಮನೆಗೆ ಬಂದು, ಅದೇ ರಾತ್ರಿ ಕವಿತೆ ಬರೆದರು. ಮುಂದೆ ಆ ದಿನಗಳನ್ನು ನೆನೆದು ಬರೆಯುವಾಗ, ಭಾವ ಉಕ್ಕುತ್ತಿರುವಾಗಲೇ ಬರೆಯುವುದು ಬರವಣಿಗೆಗೆ ಒಳ್ಳೆಯದಲ್ಲ, ಸ್ವಲ್ಪ ದೂರ ಬೇಕು ಎನ್ನುವ ಅರ್ಥದಲ್ಲಿ ಹೇಳಿದ್ದಾರೆ. ಅಂಥವರಿಗೇ ಹಾಗಾದರೆ ನಮ್ಮದೇನು. ಟಿಪ್ಪಣಿಯಲ್ಲಿ ಮಾತ್ರ ಭಾವನೆ ಬೇಡ. ಇವತ್ತು ಯಾರು ಏನು ಮಾಡಿದರು, ಏನು ಮಾಡಲಾಗಲಿಲ್ಲ, ಯಾವುದಕ್ಕೆ ಎಷ್ಟು ರೇಟು, ಯಾರು ಯಾರಿಗೆ ಬೈದರು, ಅಷ್ಟು ಸಾಕು.

ಕೊನೆಗೆ ನಕ್ಷತ್ರದ ಪ್ರಶ್ನೆ. ಆರಿದ್ರೆ, ಪುನರ್ವಸು ಅಂತ ಬರೆದರೆ ಬೆಂಗಳೂರಿನ ಓದುಗರಿಗೆ ತಿಳಿಯುತ್ತದಾ ಅಂತ ಕೇಳಿದ್ದೀರಿ. ಧಾರಾಳ ಬರೆಯಿರಿ. ಹೆಚ್ಚು ಕಮ್ಮಿ ಎರಡು ವಾರಕ್ಕೆ ಒಂದು ಮಳೆ ನಕ್ಷತ್ರ ಬದಲಾಗುತ್ತದೆ. ಮೃಗಶಿರ ಜೂನ್ ಮೊದಲ ವಾರ ದಾಟುತ್ತಲೇ ಬರುತ್ತದೆ, ಆರಿದ್ರೆ ಜೂನ್ 21-22ರ ಹೊತ್ತಿಗೆ. ಅದಕ್ಕೆ ವಿವರಣೆ ಕೊಡೋಕೆ ಹೋಗಬೇಡಿ, ಒಂದು ಕೆಲಸದ ಜೊತೆ ಕಟ್ಟಿ ಬಿಡಿ. "ಪುನರ್ವಸು ಮುಗೀತಾ ಬಂತು, ಎರಡನೇ ಔಷಧಿಗೆ ಇನ್ನೂ ತುತ್ತ ತಂದಿಲ್ಲ ನೀನು" ಅಂತ ಅಣ್ಣನ ಬಾಯಲ್ಲಿ ಹೇಳಿಸಿ. ಪಂಚಾಂಗ ಗೊತ್ತಿಲ್ಲದವರಿಗೂ ತಡವಾಗಿದೆ ಅಂತ ಗೊತ್ತಾಗುತ್ತದೆ, ಅಣ್ಣನ ಸಿಟ್ಟೂ ಗೊತ್ತಾಗುತ್ತದೆ. ಮೊದಲ ಎಂಟು ಸಾಲು ತೆಗೆದು ಈ ಮಾತಿನಿಂದಲೇ ಕಥೆ ಶುರು ಮಾಡಿ ನೋಡಿ. ತಿದ್ದಿದ ಪುಟ ಇಲ್ಲೇ ಹಾಕಿ, ಓದ್ತೀನಿ. ತಂಗಿಯ ಭಾಗ ಜಾಸ್ತಿ ಮಾಡೋದು ಮರೀಬೇಡಿ.