ಬಸ್ ಹತ್ತಿ ನಮ್ಮ ಭಾಗ ನೋಡೋದು ಹೇಗೆ? ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಪ್ರವಾಸದ ವಿಷಯ. ಕಲಬುರಗಿ, ಬೀದರ್, ಯಾದಗಿರಿ ಸುತ್ತಾಡಲು ಸ್ವಂತ ಗಾಡಿ ಬಿಟ್ಟು ಬಸ್ ನಂಬಬಹುದಾ ಅಂತ ಹಲವರು ಕೇಳಿದ್ದಾರೆ. ನಾಲ್ಕು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾವು ಗಂಡ-ಹೆಂಡತಿ, ಇಬ್ಬರು ಮಕ್ಕಳು. ಭಾನುವಾರ ಬೀದರ್ ನೋಡಿಕೊಂಡು ಬರಬೇಕು ಅಂತಿದ್ದೇವೆ. ಮನೆಯಲ್ಲಿ ಕಾರಿದೆ. ಬಸ್ಸಿನಲ್ಲಿ ಹೋದರೆ ಪರಿಸರಕ್ಕೆ ನಿಜವಾಗಿ ಉಪಯೋಗ ಇದೆಯಾ, ಇಲ್ಲ ಸುಮ್ನೆ ಹೇಳ್ತಾರಾ? (ಕಲಬುರಗಿ)

ಲೆಕ್ಕ ಹಾಕಿಯೇ ನೋಡೋಣ. ಕಲಬುರಗಿಯಿಂದ ಬೀದರ್‌ಗೆ ಸುಮಾರು 110 ಕಿ.ಮೀ. ಹೋಗಿ ಬಂದರೆ 220. ನಿಮ್ಮ ಕಾರು ಲೀಟರಿಗೆ 15 ಕಿ.ಮೀ. ಕೊಡುತ್ತದೆ ಅಂದುಕೊಂಡರೆ 15 ಲೀಟರ್ ಹತ್ತಿರ ಪೆಟ್ರೋಲ್ ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಟ್ಟು 34 ಕೆ.ಜಿ. ಆಯಿತು. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ ಎಂಟೂವರೆ.

ಬಸ್ ಲೀಟರಿಗೆ 5 ಕಿ.ಮೀ. ಓಡಿದರೂ ಅದೇ ದಾರಿಗೆ 44 ಲೀಟರ್ ಡೀಸೆಲ್ ಬೇಕು. ಡೀಸೆಲ್ ಲೀಟರಿಗೆ ಸುಮಾರು 2.7 ಕೆ.ಜಿ. ಲೆಕ್ಕದಲ್ಲಿ 119 ಕೆ.ಜಿ. ಅದರಲ್ಲಿ 40 ಜನ ಕೂತಿದ್ದರೆ ತಲೆಗೆ 3 ಕೆ.ಜಿ. 20 ಜನ ಇದ್ದರೆ 6. ಹತ್ತೇ ಜನ ಇದ್ದರೆ 12, ಅಂದರೆ ನಿಮ್ಮ ತುಂಬಿದ ಕಾರಿಗಿಂತ ಜಾಸ್ತಿ! ಹಾಗಾಗಿ ಬಸ್ ಅಂದ ಕೂಡಲೇ ಪರಿಸರಕ್ಕೆ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ತುಂಬಿದ ಬಸ್ ಒಳ್ಳೆಯದು. ಆದರೆ ಒಂದು ಮಾತು ಮರೆಯಬಾರದು. ನೀವು ಹತ್ತಿದರೂ ಹತ್ತದಿದ್ದರೂ ಆ ಬಸ್ ಬೀದರ್‌ಗೆ ಹೋಗಿಯೇ ಹೋಗುತ್ತದೆ. ನೀವು ನಾಲ್ವರು ಹತ್ತಿದರೆ ನಿಮ್ಮ ಕಾರಿನ 34 ಕೆ.ಜಿ. ಹೆಚ್ಚುಕಡಿಮೆ ಪೂರ್ತಿ ಉಳಿಯಿತು. 2017ರಿಂದ ಹುಮನಾಬಾದ್ ಮೇಲೆ ರೈಲು ದಾರಿಯೂ ಆಗಿದೆ. ಹೊತ್ತು ಹೊಂದಿದರೆ ಒಂದು ಕಡೆಗೆ ಅದನ್ನೂ ಹಿಡಿಯಬಹುದು.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಬೀದರ್‌ನಲ್ಲಿ ಇಳಿದ ಮೇಲಿನ ಕಥೆ. ಕಾರಿನವರು ಕೋಟೆ ಬಾಗಿಲವರೆಗೂ ಹೋಗಿ, ಫೋಟೊ ತೆಗೆದು, ಹೆದ್ದಾರಿ ಪಕ್ಕದ ಹೋಟೆಲ್‌ನಲ್ಲಿ ಉಂಡು ಹೊರಟುಬಿಡುತ್ತಾರೆ. ನೀವು ಆಟೋದಲ್ಲಿ ಊರ ನಡುವಿನ ಹಳೇ ಕಾವಲು ಗೋಪುರ ಚೌಬಾರಾಕ್ಕೆ ಬಂದು ಇಳಿಯಿರಿ. ಅಲ್ಲಿಂದ ಕೋಟೆ ಕಡೆ ನಡೆದರೆ ದಾರಿಯಲ್ಲೇ 1472ರ ಮಹಮೂದ್ ಗವಾನ್ ಮದರಸಾ ಸಿಗುತ್ತದೆ. ಉಳಿದಿರುವ ಒಂದು ಮಿನಾರಿನ ಮೇಲೆ ಬಣ್ಣದ ಹೆಂಚಿನ ಕೆಲಸ ಇನ್ನೂ ಕಾಣುತ್ತದೆ. ಊರೊಳಗಿನ ಬಿದರಿ ಅಂಗಡಿಗಳಲ್ಲಿ ಸ್ವಲ್ಪ ನಿಲ್ಲಿ. ಸತು-ತಾಮ್ರದ ಪಾತ್ರೆ ಮೇಲೆ ಗೆರೆ ಕೊರೆದು, ಅದರೊಳಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ಬಡಿಯುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣು, ನವಸಾಗರ ಎಂಬ ಉಪ್ಪು ಸೇರಿಸಿದ ನೀರು ತಾಗಿದರೆ ಸತುವು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಮಕ್ಕಳಿಗೆ ಇದನ್ನು ತೋರಿಸದೆ ಬರಬೇಡಿ. ನಡೆದು ಹೋಗುವವರ ದುಡ್ಡು ಇಂಥ ಅಂಗಡಿಗೆ, ಚಹಾದವರಿಗೆ, ಆಟೋದವರಿಗೆ ಸೇರುತ್ತದೆ. ಊರಿಗೆ ಪ್ರವಾಸದಿಂದ ಲಾಭ ಅಂದರೆ ಅದೇ ಅಲ್ವಾ?

ಅಷ್ಟೂರಿನ ಬಹಮನಿ ಗೋರಿಗಳು ಊರಿಂದ ಮೂರು ಕಿ.ಮೀ. ಆಚೆ. ಅಲ್ಲಿಗೆ ಆಟೋದವರ ಜೊತೆ ಹೋಗಿ ಬರುವ ಬಾಡಿಗೆಯನ್ನೇ ಮಾತಾಡಿಕೊಳ್ಳಿ. ವಾಪಸ್ ಗಾಡಿ ಸಿಗದೆ ಬಿಸಿಲಲ್ಲಿ ನಿಲ್ಲುವುದು ತಪ್ಪುತ್ತದೆ. ಏಪ್ರಿಲ್-ಮೇ ತಿಂಗಳಲ್ಲಂತೂ ಮಧ್ಯಾಹ್ನ ಹೊರಗೆ ತಿರುಗಬೇಡಿ. ಬೀದರ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ತಕ್ಷಣ ಮಾಡಬೇಕಾದ ಮೊದಲ ಕೆಲಸ, ವಿಚಾರಣೆ ಕಿಟಕಿಗೆ ಹೋಗಿ "ಕಲಬುರಗಿಗೆ ಲಾಸ್ಟ್ ಬಸ್ ಎಷ್ಟಕ್ಕದ್ರಿ?" ಅಂತ ಕೇಳುವುದು.

ಪ್ರಶ್ನೆ: ಶಕ್ತಿ ಯೋಜನೆಯಲ್ಲಿ ಅವ್ವ, ಅಕ್ಕನ ಜೊತೆ ಬಸವಕಲ್ಯಾಣ ನೋಡಲು ಹೋಗುವ ಆಸೆ. "ತಿರುಗಾಡೋಕೂ ಫ್ರೀ ಬಸ್ಸಾ" ಅಂತ ಕೆಲವರು ಚುಚ್ಚುತ್ತಾರೆ. ಹೋಗುವುದು ತಪ್ಪಾ? (ಯಾದಗಿರಿ)

ಖಂಡಿತ ತಪ್ಪಲ್ಲ. 2023ರ ಜೂನ್ 11ರಂದು ಶುರುವಾದ ಈ ಯೋಜನೆಯಲ್ಲಿ ಯಾಕೆ ಹೋಗುತ್ತೀರಿ ಅಂತ ಕೇಳುವ ನಿಯಮವೇ ಇಲ್ಲ. ಕೆಲಸಕ್ಕಾದರೂ ಹೋಗಿ, ಅನುಭವ ಮಂಟಪ ನೋಡಲಾದರೂ ಹೋಗಿ. ಎಷ್ಟೋ ಅವ್ವಂದಿರು ಪಕ್ಕದ ಜಿಲ್ಲೆಯನ್ನು ಮೊದಲ ಸಲ ನೋಡಿದ್ದು ಈ ಬಸ್‌ಗಳಲ್ಲೇ. ಇದು ಬಹಳ ದೊಡ್ಡ ಸಂಗತಿ ಅಂತ ನಾನು ನಂಬುತ್ತೇನೆ.

ಶೂನ್ಯ ಟಿಕೆಟ್ ಕೇಳಿ ಪಡೆಯಿರಿ, ಇಳಿಯುವ ತನಕ ಇಟ್ಟುಕೊಳ್ಳಿ. ಆ ಟಿಕೆಟ್‌ಗಳ ಲೆಕ್ಕದ ಮೇಲೆಯೇ ಸರ್ಕಾರ ಸಾರಿಗೆ ನಿಗಮಕ್ಕೆ ಹಣ ಕೊಡಬೇಕು. ಟಿಕೆಟ್ ಇಲ್ಲದೆ ಕೂತರೆ ನಿಗಮಕ್ಕೂ ನಷ್ಟ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ಸಾಮಾನ್ಯ ಮತ್ತು ವೇಗದೂತ ಬಸ್‌ಗಳಲ್ಲಿ ನಡೆಯುತ್ತದೆ. ಎ.ಸಿ., ಸ್ಲೀಪರ್, ಅಂತರರಾಜ್ಯ ಬಸ್‌ಗಳಲ್ಲಿ ನಡೆಯುವುದಿಲ್ಲ. ನಮ್ಮ ಭಾಗದಲ್ಲಿ ಹೈದರಾಬಾದ್, ಸೊಲ್ಲಾಪುರದ ಬಸ್‌ಗಳು ಒಂದೇ ಸ್ಟ್ಯಾಂಡಿನಲ್ಲಿ ನಿಲ್ಲುತ್ತವೆ. ಬೋರ್ಡ್ ನೋಡಿ ಹತ್ತಿ. ಬಸವಕಲ್ಯಾಣಕ್ಕೆ ರೈಲಿಲ್ಲ. ಕಲಬುರಗಿಯಲ್ಲಿ ಬಸ್ ಬದಲಿಸುವುದು ಸುಲಭ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ದಾರಿ ಖರ್ಚೂ ಉಳಿಯುತ್ತದೆ.

ಪ್ರಶ್ನೆ: ಏಳನೇ ತರಗತಿಯ 45 ಮಕ್ಕಳನ್ನು ಸನ್ನತಿ, ಮಳಖೇಡಕ್ಕೆ ಕರೆದೊಯ್ಯಬೇಕು. ಕ್ರೂಸರ್‌ನವರು ಕಡಿಮೆಗೆ ಬರ್ತೀವಿ ಅಂತಾರೆ. ಏನು ಮಾಡಲಿ? (ಶಹಾಪುರ)

ಕ್ರೂಸರ್ ಬೇಡ ಸರ್. 45 ಮಕ್ಕಳಿಗೆ ನಿಯಮದಂತೆ ಕನಿಷ್ಠ ನಾಲ್ಕು ಗಾಡಿ ಬೇಕು. ಕಡಿಮೆ ಬಾಡಿಗೆ ಅಂದರೆ ಎರಡರಲ್ಲೇ ತುರುಕುತ್ತಾರೆ ಅಂತ ಅರ್ಥ. ಊರಿನ ಸಾರಿಗೆ ನಿಗಮದ ಡಿಪೊದಲ್ಲಿ ಕರಾರಿನ ಮೇಲೆ ಬಸ್ ಕೇಳಿ. ದರದಲ್ಲಿ ದಿನಕ್ಕೆ ಇಷ್ಟು ಕಿ.ಮೀ. ಅಂತ ಕನಿಷ್ಠ ಮಿತಿ ಇರುತ್ತದೆ. ಅಷ್ಟು ಓಡದಿದ್ದರೂ ಹಣ ಕೊಡಬೇಕು. ಡಿಪೊದಿಂದ ಹೊರಟು ಡಿಪೊಗೆ ಮರಳುವ ತನಕದ ದೂರ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಹತ್ತಿರದ ಡಿಪೊವೇ ಅಗ್ಗ. ಆ ಮಿತಿಯೊಳಗೆ ಕಿ.ಮೀ. ಉಳಿದರೆ ಕಲಬುರಗಿ ಕೋಟೆಯ 1367ರ ಜಾಮಿ ಮಸೀದಿಯನ್ನೂ ಸೇರಿಸಿಕೊಳ್ಳಿ.

ಖಾಸಗಿ ಬಸ್ಸೇ ಆದರೆ ಹಳದಿ ನಂಬರ್ ಪ್ಲೇಟ್, ಪರ್ಮಿಟ್, ಫಿಟ್‌ನೆಸ್, ವಿಮೆ ನೋಡದೆ ಮುಂಗಡ ಕೊಡಬೇಡಿ. ತುರ್ತು ಬಾಗಿಲನ್ನು ನೀವೇ ಒಮ್ಮೆ ತೆರೆದು ನೋಡಿ. ಚಾಲಕರಿಗೆ ಐದು ತಾಸಿಗೊಮ್ಮೆ ಕನಿಷ್ಠ ಅರ್ಧ ತಾಸು ವಿರಾಮ ಕೊಡಬೇಕು ಅಂತ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳುತ್ತದೆ. ಕತ್ತಲಾಗುವ ಮುಂಚೆ ಶಾಲೆಗೆ ಮರಳುವಂತೆ ಹೊರಡಿ.

ಪ್ರಶ್ನೆ: ನಮ್ಮದು ಸನ್ನತಿ ಹತ್ತಿರದ ಹಳ್ಳಿ. ಅಶೋಕ ಚಕ್ರವರ್ತಿಯ ಶಿಲ್ಪ ಸಿಕ್ಕಿದ ಜಾಗ ಅಂತ ಎಲ್ಲರೂ ಹೇಳ್ತಾರೆ. ಆದರೆ ಬರುವವರು ಕಡಿಮೆ. ಬಸ್ ಬಿಡಿಸಲು ಏನು ಮಾಡಬೇಕು? (ಚಿತ್ತಾಪುರ ತಾಲ್ಲೂಕು)

ನಿಮ್ಮ ಪತ್ರ ಓದಿ ಖುಷಿಯಾಯಿತು. 1986ರಲ್ಲಿ ಗುಡಿಯ ಚಾವಣಿ ಕುಸಿದಾಗ ವಿಗ್ರಹದ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಅಂತ ಗೊತ್ತಾದ ಊರು ಸನ್ನತಿ. ಆಮೇಲೆ ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪ ಅಗೆದಾಗ 'ರಾಯ ಅಸೋಕೋ' ಎಂದು ಬ್ರಾಹ್ಮಿಯಲ್ಲಿ ಹೆಸರು ಕೊರೆದ ರಾಜನ ಶಿಲ್ಪವೇ ಸಿಕ್ಕಿತು. ಇಷ್ಟು ದೊಡ್ಡ ಜಾಗಕ್ಕೆ ಜನ ಬಾರದಿರಲು ಆಸಕ್ತಿ ಇಲ್ಲದಿರುವುದು ಕಾರಣ ಅಲ್ಲ. ಹೋದರೆ ವಾಪಸ್ ಬರುವುದು ಹೇಗೆ ಅನ್ನುವ ಅಂಜಿಕೆ ಕಾರಣ.

ನಮ್ಮ ಕಡೆ ಬಸ್ ಬಿಡಲು ಗೊತ್ತಿಲ್ಲ ಅಂತೇನಿಲ್ಲ. ಹುಣ್ಣಿಮೆ ಬಂದರೆ ಗಾಣಗಾಪುರಕ್ಕೆ ಹೆಚ್ಚುವರಿ ಬಸ್ ಓಡುತ್ತವೆ. ಶರಣಬಸವೇಶ್ವರ ಜಾತ್ರೆ, ಬಂದೇ ನವಾಜ್ ಉರುಸು ಬಂದರೆ ಹಳ್ಳಿಹಳ್ಳಿಯಿಂದ ಬಸ್ ತುಂಬಿ ಬರುತ್ತವೆ. ಜನ ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ನಿಗಮಕ್ಕೆ ಗೊತ್ತಿರುವುದರಿಂದ ಇದು ಆಗುತ್ತದೆ. ನೀವು ಮಾಡಬೇಕಾದದ್ದೂ ಅದನ್ನೇ: ದಿನ ಮತ್ತು ಹೊತ್ತು ತೋರಿಸಿಕೊಡುವುದು.

"ನಮ್ಮೂರಿಗೆ ಬಸ್ ಬಿಡಿ" ಅಂತಷ್ಟೇ ಅರ್ಜಿ ಬರೆದರೆ ಅದು ಕಡತದಲ್ಲಿ ಉಳಿಯುತ್ತದೆ. ಸನ್ನತಿಯ ಚಂದ್ರಲಾಂಬಾ ಗುಡಿಗೆ ಬರುವವರನ್ನು ನಾಲ್ಕು ಭಾನುವಾರ ಎಣಿಸಿ. ಎಲ್ಲಿಂದ ಬಂದರು, ಯಾವುದರಲ್ಲಿ ಬಂದರು, ಎಷ್ಟು ಹೊತ್ತಿಗೆ ಹೊರಟರು ಬರೆದಿಡಿ. ಆ ಹಾಳೆಯನ್ನು ಗ್ರಾಮ ಪಂಚಾಯಿತಿ ಠರಾವಿನ ಜೊತೆ ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿಗೆ ಕೊಡಿ. ಹೊಸ ಬಸ್ ಕೇಳಬೇಡಿ. ಈಗ ಹತ್ತಿರದ ಊರಿಗೆ ಬಂದು ತಿರುಗುವ ಬಸ್ಸನ್ನು ಭಾನುವಾರ ಸ್ತೂಪದವರೆಗೆ ಮುಂದುವರಿಸಿ ಅಂತ ಕೇಳಿ. ಬೆಳಿಗ್ಗೆ ಒಂದು ಬರಲಿ, ಸಂಜೆ ಒಂದು ಹೋಗಲಿ. ಎರಡರಲ್ಲಿ ಒಂದೇ ಸಿಗುವುದಾದರೆ ಸಂಜೆಯದನ್ನು ಬಿಡಬೇಡಿ. ಬರುವಾಗ ಜನ ಹೇಗೋ ಬಂದುಬಿಡುತ್ತಾರೆ.

ರೈಲಿನವರು ನಾಲವಾರದಲ್ಲಿ ಇಳಿಯುತ್ತಾರೆ. ಅಲ್ಲಿಯ ಆಟೋದವರ ಜೊತೆ ಕೂತು ಬಾಡಿಗೆ ಗೊತ್ತು ಮಾಡಿ, ಅದನ್ನು ಸ್ಟೇಷನ್ ಹೊರಗೆ ಬರೆಸಿ ಹಾಕಿ. ಸ್ತೂಪದ ಹತ್ತಿರ ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ನೆರಳಿನಲ್ಲಿ ಕೂರಲು ಒಂದು ಕಟ್ಟೆ ಇರಲಿ. ಪಕ್ಕದಲ್ಲೇ ವಾಪಸ್ ಬಸ್ಸಿನ ಹೊತ್ತನ್ನು ಕನ್ನಡ, ಉರ್ದು, ಇಂಗ್ಲಿಷ್‌ನಲ್ಲಿ ಬಣ್ಣದಲ್ಲಿ ಬರೆಸಿ. ವೇಳೆ ಬದಲಾದ ದಿನವೇ ಅದನ್ನು ಅಳಿಸಿ ತಿದ್ದುವ ಜವಾಬ್ದಾರಿ ಊರಿನ ಒಬ್ಬ ಹುಡುಗ ಅಥವಾ ಹುಡುಗಿಗೆ ವಹಿಸಿ.